ತುದಿ ಮುರಿದು ನೋಡಿದ ಬೆಂಡೆಕಾಯಿ

ಅತ್ತೆ ಬೆಂಡೆಕಾಯಿಯ ತುದಿಯನ್ನು ಪಟ್ಟನೆ ಮುರಿದರು. ಪಕ್ಕದಲ್ಲಿ ತಳ್ಳುಗಾಡಿ ಹಿಡಿದು ನಿಂತಿದ್ದ ಅಮೆರಿಕನ್ ಅಜ್ಜಿಯೊಬ್ಬರು ತಿರುಗಿ ನೋಡಿದರು. ನಾಚಿಕೆಯಿಂದ ನಾನು ಹಿಡಿಯಾದೆ.

ಅದು ಆಸ್ಟಿನ್‌ನಲ್ಲಿ ನಮ್ಮ ಮನೆಯ ಹತ್ತಿರ ಹೊಸದಾಗಿ ತೆರೆದಿದ್ದ ಅಗ್ಗದ ಸೂಪರ್‌ಮಾರ್ಕೆಟ್. ಅಲ್ಲಿನ ತರಕಾರಿ ಎರಡೇ ದಿನಕ್ಕೆ ಕೊಳೆಯುತ್ತದೆ ಎಂದು ನಮ್ಮ ಕನ್ನಡದ ಗೆಳತಿಯರೆಲ್ಲ ಹೇಳುತ್ತಿದ್ದರು. ಹೋಗಿ ನೋಡಿದವರು ಮಾತ್ರ ಯಾರೂ ಇರಲಿಲ್ಲ. ಮೈಸೂರಿನಿಂದ ಬಂದಿದ್ದ ಅತ್ತೆ, “ಅವರಿವರು ಹೇಳಿದ್ದು ಇರಲಿ, ನಾನೇ ನೋಡ್ತೀನಿ ನಡಿ” ಎಂದು ನನ್ನನ್ನು ಹೊರಡಿಸಿದ್ದರು.

ಇಲ್ಲಿ ಹಾಗೆಲ್ಲ ಮುರಿಯಬಾರದು ಎಂದು ಪಿಸುಗುಟ್ಟಿದೆ. ಅತ್ತೆ ಕೇಳಿಸದವರಂತೆ ಇನ್ನೊಂದನ್ನು ಎತ್ತಿಕೊಂಡರು. ಅದರ ತುದಿ ಮುರಿಯದೆ ಬಾಗಿತು. ಬಲಿತ ಕಾಯಿ ಎಂದು ವಾಪಸು ಇಟ್ಟರು.

ಅಜ್ಜಿಯ ಬಳಿ ಕ್ಷಮೆ ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೂ ಒಂದು ಕಾಯಿ ತೆಗೆದು ತುದಿ ಮುರಿದರು. “ನಮ್ಮಮ್ಮನೂ ಹೀಗೇ ಮಾಡ್ತಿದ್ದಳು. ನಾನು ಮರೆತೇ ಬಿಟ್ಟಿದ್ದೆ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅತ್ತೆಗೆ ಇಂಗ್ಲಿಷ್ ಬಾರದು, ಆದರೂ ನನ್ನನ್ನು ಏನೂ ಕೇಳಲಿಲ್ಲ. ಪಕ್ಕಕ್ಕೆ ಸರಿದು ಅಜ್ಜಿಗೆ ಜಾಗ ಬಿಟ್ಟರು. ಎಳೆಯ ಕಾಯಿ ಸಿಕ್ಕಾಗಲೆಲ್ಲ ಇಬ್ಬರೂ ಒಬ್ಬರಿಗೊಬ್ಬರು ತೋರಿಸಿ ನಗುತ್ತಿದ್ದರು. ನಾನು ಚೀಲ ಹಿಡಿದುಕೊಂಡು ನಿಂತಿದ್ದೆ.

ಮೊನ್ನೆ ಮತ್ತೆ ಅಲ್ಲಿಗೆ ಹೋಗಿದ್ದೆ. ಅತ್ತೆ ಊರಿಗೆ ಮರಳಿ ತಿಂಗಳುಗಳೇ ಆಗಿವೆ. ಬೆಂಡೆಕಾಯಿಯ ರಾಶಿಯಲ್ಲಿ ಕೆಲವು ಬಲಿತ ಕಾಯಿಗಳ ತುದಿ ಬಾಗಿತ್ತು. ಯಾರೋ ನೋಡಿ ಬಿಟ್ಟುಹೋಗಿದ್ದರು. ನಾನೂ ಒಂದನ್ನು ಎತ್ತಿಕೊಂಡೆ. ಅಕ್ಕಪಕ್ಕ ನೋಡದೆ ತುದಿ ಮುರಿದೆ.