ಚಾಲು ಅಂದರೆ ಚಾಲೂ ಅಲ್ಲ

ಗೆಳೆಯರೇ, ಇವತ್ತು ನಾನು ಬೆವರು ಸುರಿಯುವ ಹಾಗೆ ನಡೆದೆ, ಅದೂ ಆಸ್ಪತ್ರೆಯಲ್ಲೇ!

ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಅಪ್ಪನಿಂದ ನನಗೂ ಬಂದಿದೆ. ಕುಂಟಾಬಿಲ್ಲೆಗೆ ಕಾಲೆತ್ತಿದರೂ ಅವ್ವ “ಸಾಕು, ಕುಂದ್ರು” ಅನ್ನುತ್ತಿದ್ದಳು. ವಿಶಾಖಪಟ್ಟಣದ ಅಕ್ಕನ ಮನೆಗೆ ಬಂದ ಮೇಲೆ ಇಲ್ಲಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, “ನಮ್ಮ ಕಣ್ಣೆದುರಿಗೆ ವ್ಯಾಯಾಮ ಮಾಡಬಹುದು” ಎಂದರು.

ಇವತ್ತು ಮೊದಲ ದಿನ. ಎದೆಗೆ ವೈರು ಅಂಟಿಸಿ ಟ್ರೆಡ್‌ಮಿಲ್ ಹತ್ತಿಸಿದರು. ಸ್ವಲ್ಪ ಹೊತ್ತು ನಡೆದ ಮೇಲೆ, ಪರದೆ ನೋಡುತ್ತಿದ್ದ ಫಿಸಿಯೋ ಮೇಡಂ “ಚಾಲಮ್ಮಾ, ಚಾಲು!” ಎಂದರು. ನಮ್ಮ ಗದಗಿನಲ್ಲಿ ಚಾಲೂ ಅಂದರೆ ಶುರು. ತಿರುಗಿ ಕೇಳಲು ನಾಚಿಕೆಯಾಗಿ, ಇನ್ನು ಓಟ ಶುರು ಎಂದುಕೊಂಡು ವೇಗದ ಗುಂಡಿ ಒತ್ತಿದೆ. “ಅಯ್ಯೋ, ಚಾಲು! ಚಾಲು!” ಎಂದು ಕೂಗಿದರು. ಇನ್ನೊಮ್ಮೆ ಒತ್ತಿದೆ.

ಬಾಗಿಲಲ್ಲಿದ್ದ ಅಕ್ಕ ಚೀರಿದಳು. “ಏ ಹುಚ್ಚಿ, ನಿಂದರಸ ಅದನ್ನ! ತೆಲುಗಿನ್ಯಾಗ ಚಾಲು ಅಂದ್ರ ಸಾಕು ಅಂತ!”

ಮೇಡಂ ಓಡಿಬಂದು ಯಂತ್ರ ನಿಲ್ಲಿಸಿದರು. ಪರದೆಯ ಗೆರೆ ನೋಡಿದರು, ಬಿಪಿ ನೋಡಿದರು. ಕೊನೆಗೆ “ಅಂತಾ ಬಾಗುಂದಿ” ಎಂದು ನಕ್ಕರು. ಎಲ್ಲ ಚೆನ್ನಾಗಿದೆಯಂತೆ! ನಾಡಿದ್ದು ಮತ್ತೆ ಬರಬೇಕಂತೆ, ಗುಂಡಿ ಮಾತ್ರ ಮುಟ್ಟಬಾರದಂತೆ.

ಇನ್ನು ಮೇಲೆ ಕನ್ನಡದಲ್ಲೇ ನಿಲ್ಲಿಸುತ್ತೇನೆ ಎಂದು ಮೇಡಂ ಚಾಲುವಿಗೆ ಕನ್ನಡದ ಪದ ಕೇಳಿದರು. “ಸಾಕು” ಎಂದೆ. ಅವರ ನಗು ಇನ್ನೂ ಜೋರಾಯಿತು. “ಸಾಕು ಅಂಟೇ ಮಾ ತೆಲುಗುಲೋ ನೆಪಂ, ಅಮ್ಮಾ!” ತೆಲುಗಿನಲ್ಲಿ ಸಾಕು ಅಂದರೆ ನೆಪವಂತೆ!

ಅವ್ವಾ, ಇಷ್ಟು ವರ್ಷ ನೀನು ಹೇಳಿದ “ಸಾಕು” ಕನ್ನಡದ್ದೋ, ತೆಲುಗಿನದೋ?