ಹೊಟ್ಟೆ ತುಂಬಿದ ಬಳ್ಳಿ

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಬೀದಿಯವರ ಬಾಯಲ್ಲಿ ಮಾತ್ರ ಅವಳು ತಿರುಪಮ್ಮ. ತಿರುಪು ಕಂಡರೆ ಸಾಕು, ಕೈ ಸುಮ್ಮನಿರದು. ಗಡಿಯಾರವೋ ಮಿಕ್ಸಿಯೋ, ಚೆನ್ನಾಗಿ ಓಡುತ್ತಿದ್ದರೂ ಒಮ್ಮೆ ಬಿಚ್ಚಿ ಒಳಗೇನಿದೆ ಎಂದು ನೋಡದಿದ್ದರೆ ತಿಂದ ಅನ್ನ ಮೈಗೆ ಹತ್ತದು. ಮದುವೆಯಾದ ಹೊಸತರಲ್ಲಿ ಗಂಡನ ರೇಡಿಯೋ ಬಿಚ್ಚಿ ಹರಡಿಕೊಂಡು ಕೂತದ್ದನ್ನು ಕಂಡ ಅತ್ತೆ, "ಏನೋ, ಸೊಸೆ ತಂದ್ಯೋ ಮೆಕ್ಯಾನಿಕ್ ತಂದ್ಯೋ?" ಅಂದಿದ್ದರಂತೆ. ರೇಡಿಯೋ ಮೊದಲಿಗಿಂತ ಚೆನ್ನಾಗಿ ಹಾಡಿತು. ಅತ್ತೆಯ ಬಾಯಿ ಬಂದ್ ಆಯಿತು.

ಈ ಚಟಕ್ಕೆ ನೀರೆರೆದವಳು ಅವಳ ಅಕ್ಕ. ಹೆತ್ತವರು ಬೇಗ ಹೋಗಿಬಿಟ್ಟಿದ್ದರು. ಅಕ್ಕ ಬಟ್ಟೆ ಹೊಲಿದು ತಂಗಿಯನ್ನು ಸಾಕಿದಳು. ಮನೆಗಿದ್ದ ಒಂದೇ ಒಂದು ಹೊಲಿಗೆ ಯಂತ್ರವನ್ನು ತಂಗಿ ಒಂದು ಮಧ್ಯಾಹ್ನ ಬಿಚ್ಚಿ ಹಾಕಿದಾಗ, ಬೇರೆ ಯಾರಾದರೂ ಆಗಿದ್ದರೆ ಬೆನ್ನು ಮುರಿಯುತ್ತಿದ್ದರು. ಅಕ್ಕ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತಳು. "ಬಿಚ್ಚಿದ ಕೈಯೇ ಜೋಡಿಸ್ಲಿ. ನಾನೂ ನೋಡ್ತೀನಿ, ಒಳಗೆ ಏನೇನಿದೆ ಅಂತ," ಅಂದಳು. ಆವತ್ತು ಕೊಡಬೇಕಿದ್ದ ಬಟ್ಟೆ ಕೊಡಲಾಗದೆ ಗಿರಾಕಿಯಿಂದ ಬೈಸಿಕೊಂಡಳು. ಆದರೂ ತಂಗಿಯ ತಟ್ಟೆಗೆ ಎರಡನೇ ಸಲ ಬಡಿಸುವುದನ್ನು ಮರೆಯಲಿಲ್ಲ. ಬಡಿಸುವುದೆಂದರೆ ಅಕ್ಕನಿಗೆ ಅಷ್ಟು ಹುಚ್ಚು. ಬೇಡ ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸುರಿಯುವವಳು.

ಈಗ ಅಕ್ಕನಿಗೆ ವಯಸ್ಸಾಗಿದೆ, ಮಂಡಿ ಕೈಕೊಟ್ಟಿದೆ. ತಂಗಿಯ ಮನೆಗೆ ಬರುವಾಗ ಒಂದು ಟ್ರಂಕು, ಒಂದು ಊರುಗೋಲು, ಒಂದು ಪುಟ್ಟ ಡಬ್ಬಿ ತಂದಳು. ಡಬ್ಬಿಯಲ್ಲಿ ಬೀನ್ಸ್ ಬೀಜ. ಬಿಳಿ ಮೈಮೇಲೆ ನೇರಳೆ ಚುಕ್ಕಿ. ಬಾಡಿಗೆ ಮನೆ ಎಷ್ಟು ಬದಲಾದರೂ ಅಕ್ಕ ಆ ಬಳ್ಳಿಯನ್ನು ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಹುಡುಕಿದರೆ ಸಿಗುವ ಜಾತಿಯಲ್ಲ ಅದು. ಕಾಲು ನೋವು ಶುರುವಾದ ಮೇಲೆ ಕೆಲವು ವರ್ಷ ಬಿತ್ತಿರಲಿಲ್ಲ, ಬೀಜ ಮುದಿಯಾಗಿತ್ತು. ಇದ್ದಬದ್ದದ್ದನ್ನೆಲ್ಲ ಹಿತ್ತಲ ಗೋಡೆಯ ಬುಡದಲ್ಲಿ ಊರಿದರೆ ಮೇಲೆ ಬಂದದ್ದು ಒಂದೇ ಒಂದು ಮೊಳಕೆ.

"ಇದೊಂದು ಕಾಯಿ ಬಿಟ್ರೆ ಬೀಜ ಉಳೀತು. ಇಲ್ದಿದ್ರೆ ನನ್ ಜೊತೆಗೇ ಇದೂ ಮುಗೀತು ಬಿಡು," ಅಂದಳು ಅಕ್ಕ. ಅವಳೇನೋ ಹಗುರವಾಗಿಯೇ ಅಂದಳು. ತಿರುಪಮ್ಮ ಎದ್ದು ಹೋಗಿ ಮೊಳಕೆಯ ಸುತ್ತ ಇಟ್ಟಿಗೆ ಜೋಡಿಸಿದಳು.

ಬಳ್ಳಿ ಬೆಳೆಯಿತು. ಬೆಳೆಯಿತು ಅಂದರೆ ಏನು ಬೆಳವಣಿಗೆ ಅಂತೀರಿ! ಗೋಡೆ ಹತ್ತಿತು, ಬಟ್ಟೆ ಒಣಗಿಸುವ ತಂತಿ ಹಿಡಿಯಿತು, ತಾರಸಿಗೂ ಕಾಲಿಟ್ಟಿತು. ಎಲೆ ಒಂದೊಂದೂ ಅಂಗೈಗಿಂತ ಅಗಲ, ಹಸಿರು ಕಪ್ಪಿಗೆ ತಿರುಗುವಷ್ಟು ಗಾಢ. ಹೂವು ಮಾತ್ರ ಹುಡುಕಿದರೂ ಇಲ್ಲ. ಬೇರೆಯವರ ಅಂಗಳದ ಬೀನ್ಸ್ ಆಗಲೇ ಜೋತಾಡುವಷ್ಟು ಕಾಯಿ ಬಿಟ್ಟಿತ್ತು. ಚಳಿ ಬಿದ್ದರೆ ಬಳ್ಳಿ ಸತ್ತೇ ಹೋಗುತ್ತದೆ.

ಯಾಕೆ ಹೂ ಬಿಡುತ್ತಿಲ್ಲ? ಈ ಪ್ರಶ್ನೆ ತಿರುಪಮ್ಮನ ತಲೆ ಹೊಕ್ಕಿತು. ಬಳ್ಳಿಗೆ ತಿರುಪು ಇಲ್ಲವಲ್ಲ, ಬಿಚ್ಚಿ ನೋಡೋಣವೆಂದರೆ! ಗೊಬ್ಬರ ಸಾಲದೇನೋ ಅನ್ನಿಸಿತು. ಆದರೆ ಇರುವುದೊಂದೇ ಬಳ್ಳಿ, ಅದರ ಮೇಲೆ ಪ್ರಯೋಗ ಮಾಡುವ ಧೈರ್ಯ ಬರಲಿಲ್ಲ. ಅಂಗಡಿಯಿಂದ ಮಾಮೂಲಿ ಬೀನ್ಸ್ ಬೀಜ ತಂದು, ಎಣ್ಣೆಯ ಖಾಲಿ ಡಬ್ಬಗಳೆರಡಕ್ಕೆ ತೂತು ಕೊರೆದು, ಹಿತ್ತಲ ಮಣ್ಣನ್ನೇ ತುಂಬಿ ಬಿತ್ತಿದಳು. ಒಂದು ಡಬ್ಬಕ್ಕೆ ವಾರ ವಾರ ಗೊಬ್ಬರ, ಇನ್ನೊಂದಕ್ಕೆ ಬರೀ ನೀರು.

ಗೊಬ್ಬರ ತಿಂದ ಗಿಡ ಅಕ್ಕನ ಬಳ್ಳಿಯ ಹಾಗೇ ಕೊಬ್ಬಿ ನಿಂತಿತು. ನೀರು ಕುಡಿದದ್ದು ಮೊದಮೊದಲು ಪೇಲವವಾಗಿತ್ತು. ಆಮೇಲೆ ಸುಧಾರಿಸಿಕೊಂಡು, ನೋಡನೋಡುತ್ತಿದ್ದಂತೆ ಅದೇ ಮೊದಲು ಮೊಗ್ಗು ಹಿಡಿಯಿತು! ತಿರುಪಮ್ಮನಿಗೆ ತಡೆಯಲಾಗಲಿಲ್ಲ. ಎರಡು ಗಿಡಗಳನ್ನೂ ಕಿತ್ತು ಬೇರು ತೊಳೆದು ಹಿಡಿದಳು. ಕೊಬ್ಬಿದ ಗಿಡದ ಬೇರು ಬೆಳ್ಳಗೆ ನುಣ್ಣಗಿತ್ತು. ಇನ್ನೊಂದರ ಬೇರಿನ ತುಂಬ ಸಾಸಿವೆಯಷ್ಟು, ಮೆಣಸಿನಷ್ಟು ಗಂಟುಗಳು. ಅಯ್ಯೋ, ರೋಗ ಎಂದುಕೊಂಡಳು. ಬ್ಲೇಡಿನಿಂದ ಒಂದು ಗಂಟು ಸೀಳಿದರೆ ಒಳಗೆ ರಕ್ತದಂಥ ಕೆಂಪು.

ಎರಡನ್ನೂ ಕಾಗದದಲ್ಲಿ ಸುತ್ತಿಕೊಂಡು ನರ್ಸರಿ ನಡೆಸುವ ಗೆಳತಿಯ ಹತ್ತಿರ ಓಡಿದಳು. ಅವಳು ನೋಡಿ ನಕ್ಕುಬಿಟ್ಟಳು.

"ರೋಗ ಅಲ್ವೇ ಮಾರಾಯ್ತಿ, ಅದು ಅಡುಗೆಮನೆ! ಗಾಳೀಲಿ ಸಾರಜನಕ ಬೇಕಾದಷ್ಟಿದೆ, ಆದ್ರೆ ಗಿಡಕ್ಕೆ ಅದನ್ನ ಹಾಗ್ಹಾಗೇ ತಿನ್ನಕ್ಕಾಗಲ್ಲ. ಈ ಗಂಟಲ್ಲಿ ಕಣ್ಣಿಗೆ ಕಾಣದ ಜೀವಿಗಳಿರ್ತವೆ. ಅವು ಗಾಳೀನ ಹಿಡಿದು ಬೇಯಿಸಿ ಕೊಡ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತೆ."

"ಮತ್ತೆ ಗೊಬ್ಬರ ಹಾಕಿದ್ದಕ್ಕೆ ಯಾಕಿಲ್ಲ?"

"ಮೂರು ಹೊತ್ತೂ ಬಾಗಿಲಿಗೇ ಊಟ ಬರ್ತಿದ್ರೆ ನೀನು ಒಲೆ ಹಚ್ತೀಯಾ? ಬೇರು ಮಣ್ಣಲ್ಲಿ ಸಾರಜನಕ ಎಷ್ಟಿದೆ ಅಂತ ರುಚಿ ನೋಡ್ತಾನೇ ಇರುತ್ತೆ. ಸಿಕ್ತಾ, ಗಂಟು ಕಟ್ಟೋ ಕೆಲಸ ಬಂದ್. ಹೊಟ್ಟೆ ತುಂಬಿದ ಗಿಡ ಎಲೆ ಬಿಡ್ತಾ ಆರಾಮಾಗಿರುತ್ತೆ, ಬೀಜದ ಚಿಂತೆ ಮಾಡಲ್ಲ. ನಿಮ್ಮಕ್ಕನ ಬಳ್ಳಿಗೆ ಏನು ಹಾಕ್ತಿದ್ದೀಯಾ?"

"ದೇವರಾಣೆ ಏನೂ ಇಲ್ಲ!"

"ನೀನು ಹಾಕ್ತಿಲ್ಲ. ಯಾರೋ ಹಾಕ್ತಿದ್ದಾರೆ."

ಮರುದಿನ ಬೆಳಿಗ್ಗೆ ತಿರುಪಮ್ಮ ಅಡುಗೆಮನೆಯ ಕಿಟಕಿಯ ಮರೆಯಲ್ಲಿ ನಿಂತಳು. ಮೊದಲು ಬಂದವರು ಗಂಡ. ಬಸ್ ಓಡಿಸುವ ಆ ಮನುಷ್ಯನಿಗೆ ಮೀನು ಸಾಕುವ ಹವ್ಯಾಸ. ಮೀನಿನ ತೊಟ್ಟಿಯ ಕೊಳೆ ನೀರನ್ನು ಬಕೆಟ್‌ನಲ್ಲಿ ತಂದು ಬಳ್ಳಿಯ ಬುಡಕ್ಕೆ ಸುರಿದರು. ಸಿಕ್ಕಿಬಿದ್ದ ಕಳ್ಳನನ್ನು ಕೂಗಬೇಕು ಅನ್ನುವಷ್ಟರಲ್ಲಿ ಊರುಗೋಲಿನ ಸದ್ದು ಕೇಳಿತು. ಗಂಡ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಕ್ಕನ ಕೈಯಲ್ಲಿ ರಾತ್ರಿ ಹಾಸಿಗೆಯ ಪಕ್ಕ ಇಟ್ಟುಕೊಳ್ಳುವ ಮುಚ್ಚಳದ ಮೂತ್ರದ ಡಬ್ಬಿ. ಮಂಡಿ ನೋವಿನವಳು ಕತ್ತಲಲ್ಲಿ ಬಚ್ಚಲಿಗೆ ಹೋಗುವುದು ಬೇಡವೆಂದು ತಿರುಪಮ್ಮನೇ ತಂದುಕೊಟ್ಟದ್ದು! ಅಕ್ಕ ಅದಕ್ಕೆ ನಲ್ಲಿ ನೀರು ಬೆರೆಸಿ, ಒಂದು ಹನಿಯೂ ಆಚೆ ಹೋಗದಂತೆ ಬುಡಕ್ಕೆ ಎರೆದಳು. ಆಮೇಲೆ ಎಲೆ ಸವರಿ, "ಕುಡಿ ಮಗಳೇ," ಅಂದಳು.

ಬೈಯಲು ಹೊರಟಿದ್ದ ತಿರುಪಮ್ಮ ಕಿಟಕಿಯಿಂದ ಹಿಂದೆ ಸರಿದಳು. ಈ ಮನೆಗೆ ಬಂದ ಮೇಲೆ ಅಕ್ಕನಿಗೆ ಉಳಿದಿದ್ದ ಕೆಲಸ ಅದೊಂದೇ. ಅದನ್ನು ಕಿತ್ತುಕೊಂಡರೆ ಅವಳಿಗೆ ಇನ್ನೇನಿದೆ? ಕಿತ್ತುಕೊಳ್ಳದಿದ್ದರೆ ಬೀಜ ಸಿಗುವುದಿಲ್ಲ.

ತಿಂಡಿಯ ಹೊತ್ತಿಗೆ ಹೇಳಿಯೇಬಿಟ್ಟಳು. "ಅಕ್ಕ, ಇವತ್ತಿಂದ ಅದಕ್ಕೆ ಏನೂ ಹಾಕ್ಬೇಡ. ಬರೀ ನೀರು. ನೀನು ತಿನ್ಸಿ ತಿನ್ಸಿ ಅದು ಹೂ ಬಿಡೋದನ್ನೇ ಮರೆತಿದೆ."

ಅಕ್ಕ ತಟ್ಟೆಯನ್ನು ದೂರ ತಳ್ಳಿದಳು. "ಉಪವಾಸ ಹಾಕಿ ಯಾರನ್ನಾದ್ರೂ ಬೆಳೆಸಿದ್ದುಂಟೇನೇ? ಅದಕ್ಕಿಲ್ದಿದ್ದು ನನಗೂ ಬೇಡ."

ಹಟವೆಂದರೆ ಅಂಥಿಂಥ ಹಟವಲ್ಲ. ಮಧ್ಯಾಹ್ನವೂ ಉಣ್ಣಲಿಲ್ಲ. ಗಂಡ, "ಅತ್ತಿಗೆ, ನಾನೂ ಮೀನಿನ ನೀರು ನಿಲ್ಲಿಸಿದೀನಿ, ನೀವೂ ಬಿಟ್ಟುಬಿಡಿ," ಎಂದು ಗೋಗರೆದರೆ ಮುಖ ಗೋಡೆಗೆ ತಿರುಗಿಸಿದಳು. ತಿರುಪಮ್ಮನಿಗೆ ಅಳುವೇ ಬಂತು. ಕೊನೆಗೆ ಎದ್ದು ಹೋಗಿ ಕಾಗದದ ಪೊಟ್ಟಣ ತಂದು ಎರಡೂ ಗಿಡಗಳನ್ನು ಅಕ್ಕನ ಮಡಿಲಿಗೆ ಹಾಕಿದಳು.

"ಉಣ್ಬೇಡ. ಆದ್ರೆ ಇದನ್ನೊಂದ್ಸಲ ನೋಡು."

ಅಕ್ಕ ನೋಡಬಾರದೆಂದೇ ಇದ್ದಳು. ಆದರೆ ಬೆರಳು ಕೇಳಬೇಕಲ್ಲ? ನುಣ್ಣನೆಯ ಬೇರನ್ನು ತಡವಿತು, ಗಂಟಿನ ಬೇರಿನ ಮೇಲೆ ನಿಂತಿತು. "ಇದೇನಿದು, ಮಣಿ ಪೋಣಿಸಿದ ಹಾಗೆ?" ಕನ್ನಡಕ ಬೇಕೆಂದಳು, ಬ್ಲೇಡೂ ಬೇಕೆಂದಳು. ಒಂದು ಗಂಟನ್ನು ತಾನೇ ಸೀಳಿದಳು. ತಂಗಿ ಗೆಳತಿಯಿಂದ ಕೇಳಿದ್ದನ್ನೆಲ್ಲ ಒಪ್ಪಿಸಿದಳು.

"ಅಂದ್ರೆ ಇದು ದುಡಿದು ತಿಂದಿದೆ," ಅಂದಳು ಅಕ್ಕ. "ನಂದಕ್ಕೆ ನಾನು ಆ ಅವಕಾಶಾನೇ ಕೊಟ್ಟಿಲ್ಲ. ಬಡಿಸು, ಹೊಟ್ಟೆ ಹಸೀತಿದೆ."

ಮೀನಿನ ನೀರು, ಮೂತ್ರದಿಂದ ಮಣ್ಣಿಗೆ ಆಗಲೇ ಸೇರಿದ್ದ ಸಾರಜನಕದ ಗತಿ? ನರ್ಸರಿಯವಳ ಸಲಹೆಯಂತೆ ಬುಡದ ಸುತ್ತ ಮುಸುಕಿನ ಜೋಳ, ಸೊಪ್ಪು ಬಿತ್ತಿದರು. ಗಂಟು ಕಟ್ಟಲು ಬಾರದ ಹೊಟ್ಟೆಬಾಕಗಳು ಅವು, ಸಾರಜನಕ ಕಂಡರೆ ಬಿಡುವುದಿಲ್ಲ. ನೀರನ್ನೂ ಧಾರಾಳವಾಗಿ ಹಾಯಿಸಿ ಮಣ್ಣು ತೊಳೆದರು. ಅಕ್ಕನ ರಾತ್ರಿ ಡಬ್ಬಿಯ ನೀರು ದೂರದ ಮೂಲೆಯ ಬಾಳೆಗೆ ಹೋಯಿತು. ಕಾವಲು ಅಕ್ಕನದೇ. ಬಕೆಟ್ ಹಿಡಿದು ಹಿತ್ತಲ ಬಾಗಿಲು ದಾಟಿದರೆ ಸಾಕು, "ಏನದು ಕೈಯಲ್ಲಿ?" ಅನ್ನುವಳು.

ಬಳ್ಳಿಯ ಓಟ ನಿಂತಿತು. ಒಂದು ಬೆಳಿಗ್ಗೆ ಎಲೆಗಳ ನಡುವೆ ಬಿಳಿ ಹೂ ಕಂಡು ಮನೆಯಲ್ಲಿ ಕೇಕೆ ಎದ್ದಿತು. ಬೆರಳೆಣಿಕೆಯ ಕಾಯಿಗಳೂ ಇಳಿದವು. ಆದರೆ ಆ ಸಂಭ್ರಮ ಮುಗಿಯುವ ಮೊದಲೇ ಬುಡದ ಎಲೆಗಳು ಹಳದಿಯಾಗತೊಡಗಿದವು. ದಿನಕ್ಕೊಂದಿಷ್ಟು ಉದುರಿದವು. ಹಳದಿ ಮೇಲಕ್ಕೆ ಏರುತ್ತಿತ್ತು, ಕಾಯಿಗಳಿನ್ನೂ ಎಳಸು. ಅಷ್ಟೆಲ್ಲ ಉಪದೇಶ ಮಾಡಿದ್ದ ತಿರುಪಮ್ಮನೇ ಈಗ ಉದುರಿದ ಎಲೆ ಎಣಿಸತೊಡಗಿದಳು. ನಾನೇ ಉಪವಾಸ ಹಾಕಿ ಕೊಂದೆನಲ್ಲಾ ಅನ್ನಿಸಿತು. ಒಂದು ಸಂಜೆ ಯಾರಿಗೂ ಹೇಳದೆ ಮೀನಿನ ತೊಟ್ಟಿಯಿಂದ ಒಂದು ಚೊಂಬು ನೀರು ತುಂಬಿಕೊಂಡು ಹಿತ್ತಲಿಗೆ ಹೋದಳು.

ಅಕ್ಕ ಬಳ್ಳಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಇಡು ಕೆಳಗೆ."

"ಅಕ್ಕ, ನೋಡು ಹೇಗೆ ಒಣಗ್ತಿದೆ! ಇದೊಂದೇ ಇರೋದು ನಮಗೆ. ಒಂದೇ ಒಂದು ಚೊಂಬು ಹಾಕ್ತೀನಿ."

"ಇಡೇ ಅಂದ್ನಲ್ಲ." ಅಕ್ಕ ಅವಳ ಕೈ ಹಿಡಿದೆಳೆದು ಒಂದು ಕಾಯಿಯ ಮೇಲಿಟ್ಟಳು. ಮೊನ್ನೆಮೊನ್ನೆಯವರೆಗೆ ಚಪ್ಪಟೆಯಾಗಿದ್ದ ಕಾಯಿಯೊಳಗೆ ಬೀಜಗಳು ಉಬ್ಬಿ ಬೆರಳಿಗೆ ಒತ್ತುತ್ತಿದ್ದವು. "ದಿನಾ ಇಲ್ಲೇ ಕೂತು ನೋಡ್ತಿದೀನಿ. ಕೆಳಗೆ ಒಂದು ಎಲೆ ಬಣ್ಣ ಬಿಟ್ರೆ, ಮೇಲೆ ಕಾಯಿ ಇಷ್ಟು ದಪ್ಪ ಆಗುತ್ತೆ. ಎಲೇಲಿ ಕೂಡಿಟ್ಟಿದ್ದನ್ನೆಲ್ಲ ತೆಗೆದು ತೆಗೆದು ಕೊಡ್ತಿದೆ. ಅದು ಸಾಯ್ತಿಲ್ಲ ಪುಟ್ಟೀ, ಬಡಿಸ್ತಿದೆ."

ತಿರುಪಮ್ಮ ಅಕ್ಕನ ಮುಖ ನೋಡಿದಳು. ಚೊಂಬನ್ನು ನೆಲಕ್ಕಿಟ್ಟು, ಅವಳ ಮಂಡಿಗೆ ತಲೆ ಒರಗಿಸಿ ಗಳಗಳನೆ ಅತ್ತಳು.

"ಮೆತ್ತಗೆ ಕಣೇ, ಮಂಡಿ ನೋವು," ಅಂದಳು ಅಕ್ಕ.