ನೋಟ್‌ಬುಕ್ಕಿನಲ್ಲಿದ್ದ ನನ್ನ ಮಾತು

ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಸೊರಬದಿಂದ ದಿನಾ ಬಸ್ಸಿನಲ್ಲಿ ಓಡಾಟ. ಪಠ್ಯದಲ್ಲಿ ಅಮೆರಿಕದ ಹಳೆಯ ದಾರ್ಶನಿಕನೊಬ್ಬನಿದ್ದ. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತೆರಿಗೆ ಕೊಡುವುದಿಲ್ಲವೆಂದು ಜೈಲಿಗೆ ಹೋದವನು. ಅನ್ಯಾಯದ ಕಾನೂನನ್ನು ಮುರಿಯಬಹುದು, ಆದರೆ ಮುರಿದವನು ಶಿಕ್ಷೆಗೆ ಹೆದರಿ ಅಡಗಬಾರದು ಎಂದು ಬಿಡಿಸಿ ಹೇಳಿದೆ. ಉಡುತಡಿ ಕಡೆಯ ಕುರಿ ಸಾಕುವವರ ಮನೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತ.

“ಮೇಡಂ, ಗುಲಾಮರನ್ನ ಬಿಡಿಸಾಕೆ ಬಂದೂಕು ಹಿಡಿದವನನ್ನೂ ಇವನೇ ಹೊಗಳ್ಯಾನಂತೆ. ಹಂಗಾರೆ ಯಾವುದು ಸರಿ ರೀ?”

ನಾನು ಬಾಗಿಲ ಕಡೆ ನೋಡಿದೆ. ಹೊರಗೆ ಯಾರೂ ಇರಲಿಲ್ಲ. ಆದರೂ, “ಅದು ಪರೀಕ್ಷೆಗಿಲ್ಲ, ಕೂತ್ಕೊ” ಎಂದೆ.

ಮರುವಾರ ಸೊರಬದ ರಸ್ತೆಯಲ್ಲಿ ಯಾರೋ ಟೆಲಿಫೋನ್ ತಂತಿ ಕತ್ತರಿಸಿದರು. ತರಗತಿಯಲ್ಲಿ ಬಂದೂಕಿನ ಮಾತೆತ್ತಿದ್ದ ಆ ಹುಡುಗನನ್ನು ಪೊಲೀಸರು ಹಿಡಿದುಕೊಂಡು ಹೋದರು. ಮಧ್ಯಾಹ್ನ ಠಾಣೆಗೆ ಬರಬೇಕೆಂದು ನನಗೂ ಕರೆ ಬಂತು.

“ಆ ಪಾಠ ಮಾಡೇ ಇಲ್ಲ ಅಂದ್ಬಿಡ್ರೀ” ಎಂದರು ಪ್ರಿನ್ಸಿಪಾಲರು.

ಠಾಣೆಯಲ್ಲಿ ಅವನು ನೆಲದ ಮೇಲೆ ಕೂತಿದ್ದ. ತುಟಿ ಊದಿತ್ತು. ಸಬ್ ಇನ್ಸ್‌ಪೆಕ್ಟರು ಅವನ ನೋಟ್‌ಬುಕ್ಕಿನಿಂದ ನನ್ನದೇ ಮಾತುಗಳನ್ನು ಓದಿ, “ಇದು ನೀವು ಹೇಳಿಕೊಟ್ಟಿದ್ದೇನ್ರೀ?” ಎಂದರು.

“ನಾನೇ ಬರ್ಕೊಂಡಿದ್ದು ಸಾರ್, ಮೇಡಂ ಹೇಳಿಲ್ಲ” ಎಂದುಬಿಟ್ಟ ಅವನು.

ಒಂದು ಕ್ಷಣ ನನಗೆ ಹೋದ ಜೀವ ಬಂದಂತಾಯಿತು. ಹಾಗನ್ನಿಸಿದ್ದಕ್ಕೇ ಆಮೇಲೆ ತಲೆ ಎತ್ತಲಾಗಲಿಲ್ಲ. ನೋಟ್‌ಬುಕ್ಕನ್ನು ನನ್ನ ಕಡೆ ಎಳೆದುಕೊಂಡೆ.

“ನನ್ನ ಪಾಠವೇ ಸಾರ್. ಬಂದೂಕಿನ ವಿಷಯ ಅವನು ಕೇಳಿದ್ದ, ನಾನು ಹೆದರಿ ಬಾಯಿ ಮುಚ್ಚಿಸಿದೆ. ನಾನು ಹೇಳಿಕೊಟ್ಟಿದ್ದು ಕಾನೂನು ಮುರಿದವನು ಎದುರಿಗೆ ಬಂದು ನಿಲ್ಲಬೇಕು ಅಂತ. ತಂತಿ ಕತ್ತರಿಸಿ ಓಡಿಹೋಗು ಅಂತ ಅಲ್ಲ.”

“ಬರೆದು ಸಹಿ ಹಾಕ್ತೀರಾ?”

ಬರೆದೆ. ಕೆಳಗೆ ಸಹಿಯನ್ನೂ ಹಾಕಿದೆ.

ತಂತಿ ಕತ್ತರಿಸಿದ ದಿನ ಅವನು ಅಪ್ಪನ ಜೊತೆ ಆನವಟ್ಟಿ ಸಂತೆಯಲ್ಲಿದ್ದನೆಂದು ನಾಲ್ಕು ಜನ ಬಂದು ಹೇಳಿದ ಮೇಲೆ, ಸಂಜೆ ಅವನನ್ನು ಬಿಟ್ಟರು. ನನ್ನ ಕಾಗದ ಮಾತ್ರ ಅಲ್ಲೇ ಉಳಿಯಿತು. ಮುಂದೆ ತಿಂಗಳುಗಟ್ಟಲೆ ಜೀಪಿನ ಸದ್ದು ಕೇಳಿದರೆ ಪಾಠದ ನಡುವೆ ನನ್ನ ಮಾತು ನಿಂತುಹೋಗುತ್ತಿತ್ತು. ಆದರೆ ಯಾರೂ ಬರಲಿಲ್ಲ.

ಆ ಸಂಜೆ ಹುಡುಗನ ಅಪ್ಪ ಬಸ್ ಸ್ಟ್ಯಾಂಡಿನವರೆಗೂ ನನ್ನ ಜೊತೆ ಬಂದ. ಬೈಯುತ್ತಾನೇನೋ ಎಂದುಕೊಂಡಿದ್ದೆ.

“ಅಕ್ಕೋರೆ, ನೀವು ಬರ್ದುಕೊಟ್ಟಿದ್ದು ನಿಮಗೇ ಮುಳುವಾಗ್ತತೇನು?”

“ಗೊತ್ತಿಲ್ಲಪ್ಪ.”

ಅವನು ಸೊರಬದ ಬಸ್ಸು ಬರುವವರೆಗೂ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನನ್ನ ಜೊತೆಯೇ ನಿಂತಿದ್ದ.